ಬಂಗಾಳ ಕೊಲ್ಲಿಗೆ ಇಳಿದ ರಬ್ಬರ್ ಮೊನೆ

ಮಿರಗದ ಮಳೆ ಕೈಕೊಟ್ಟರೆ ನವಲಗುಂದ, ಅಣ್ಣಿಗೇರಿಯ ಎರೆಹೊಲಗಳಲ್ಲಿ ಹೆಸರು ಬಿತ್ತನೆ ನಿಂತುಹೋಗುತ್ತದೆ. ಆಗ ಕಟ್ಟೆಯ ಮೇಲೆ ಕೂತವರ ಬಾಯಲ್ಲೂ ಒಂದೇ ಪ್ರಶ್ನೆ: ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಆಗ್ತದೋ ಇಲ್ಲೋ? ಕುಸಿತ ಹುಟ್ಟಲು ಕಡಲಿನ ಮೇಲ್ಮೈ ಬೆಚ್ಚಗಿರಬೇಕು. ಸುಮಾರು 28 ಡಿಗ್ರಿ ದಾಟಿದ ನೀರಿನ ಮೇಲೆಯೇ ದೊಡ್ಡ ಮೋಡಗಳು ಕಟ್ಟುತ್ತವೆ ಎಂಬುದನ್ನು ಸುಲೋಚನಾ ಗಾಡ್ಗೀಳ್ ಮತ್ತು ಸಂಗಡಿಗರು 1984ರಲ್ಲೇ ತೋರಿಸಿಕೊಟ್ಟಿದ್ದರು. ಆದರೆ ಆ ಬಿಸಿ ಬರೀ ಸೂರ್ಯನ ಕೈಯಲ್ಲಿಲ್ಲ. ಕೆಳಗಿನ ತಣ್ಣೀರು ಎಷ್ಟು ಕದಡಿ ಮೇಲೆ ಬೆರೆಯುತ್ತದೆ ಎಂಬ ಲೆಕ್ಕವೂ ಬೇಕು.

ಈ ಲೆಕ್ಕ ಬಂಗಾಳ ಕೊಲ್ಲಿಯಲ್ಲಿ ಇನ್ನೂ ತೊಡಕಿನದು. ಗಂಗೆ, ಬ್ರಹ್ಮಪುತ್ರೆ, ಮಹಾನದಿ, ನಮ್ಮ ಕೃಷ್ಣೆ ಎಲ್ಲ ಸಿಹಿನೀರು ತಂದು ಸುರಿಯುತ್ತವೆ. ಹಗುರವಾದ ಆ ನೀರು ಮೇಲೆಯೇ ಪದರವಾಗಿ ನಿಂತು, ಕೆಳಗಿನ ಉಪ್ಪು ತಣ್ಣೀರಿಗೆ ಮೇಲೆ ಬರಲು ಬಿಡುವುದಿಲ್ಲ. ಸಾಲದ್ದಕ್ಕೆ, ಮುಂಗಾರಿನಲ್ಲಿ ಅರಬ್ಬಿ ಸಮುದ್ರದ ಉಪ್ಪು ನೀರು ಶ್ರೀಲಂಕೆಯನ್ನು ಬಳಸಿಕೊಂಡು ಕೊಲ್ಲಿಯೊಳಗೆ ನುಗ್ಗುತ್ತದೆ. ಇದನ್ನು ಹಿಡಿಯಲೆಂದೇ 2016ರ ಜೂನ್-ಜುಲೈನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ.ಎನ್. ವಿನಯಚಂದ್ರನ್ ಅವರ ಮುಂದಾಳತ್ವದ ತಂಡ, ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದ ಜೊತೆಗೂಡಿ, 'ಬಾಬಲ್' ಎಂಬ ಪ್ರಯೋಗ ನಡೆಸಿತು. ಹಡಗು ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ 'ಸಿಂಧು ಸಾಧನಾ'. 8 ಡಿಗ್ರಿ ಉತ್ತರ, 89 ಡಿಗ್ರಿ ಪೂರ್ವದ ಒಂದೇ ತಾಣದಲ್ಲಿ ಸುಮಾರು ಹತ್ತು ದಿನ ನಿಂತು ಅಳತೆ ಮಾಡಿದರು. ಕದಡುವಿಕೆ ಅಳೆಯಲು ನೀರಿಗಿಳಿದದ್ದು ಕೊಳವೆಯಾಕಾರದ ವಿಎಂಪಿ ಎಂಬ ಯಂತ್ರ.

ಯಂತ್ರದ ಜೀವವೆಲ್ಲ ಅದರ ಮೂತಿಯಲ್ಲಿದೆ. ಅಲ್ಲಿ ಬಂದೂಕಿನ ಗುಂಡಿನಾಕಾರದ ಸಣ್ಣ ಸೆನ್ಸರ್‌ಗಳು. ತುದಿಗೆ ಮೆತ್ತನೆಯ ಸಿಲಿಕೋನ್ ರಬ್ಬರ್. ರಬ್ಬರಿನೊಳಗೆ ಪೀಜೋ ಸೆರಾಮಿಕ್‌ನ ತೆಳು ಪಟ್ಟಿ. ಗ್ಯಾಸ್ ಒಲೆಯ ಲೈಟರಿನಲ್ಲಿ ಟಕ್ಕೆಂದು ಕಿಡಿ ಹಾರಿಸುವುದು ಇದೇ ಜಾತಿಯ ವಸ್ತು. ಸುಳಿಯೊಂದು ಪಕ್ಕದಿಂದ ತಾಗಿದರೆ ಪಟ್ಟಿ ಕೂದಲೆಳೆಗಿಂತಲೂ ಕಡಿಮೆ ಬಾಗಿ, ಚೂರೇ ಚೂರು ವಿದ್ಯುತ್ತು ಹುಟ್ಟುತ್ತದೆ. ಸೆಕೆಂಡಿಗೆ 512 ಸಲ ಅದು ದಾಖಲಾಗುತ್ತದೆ. ಯಂತ್ರ ಸೆಕೆಂಡಿಗೆ ಮುಕ್ಕಾಲು ಮೀಟರಿನಂತೆ ಇಳಿದರೆ ಒಂದೂವರೆ ಮಿಲಿಮೀಟರಿಗೊಂದು ಅಳತೆ ಸಿಕ್ಕಂತಾಯಿತು.

ಅದು ಹಿಡಿಯುವ ಶಕ್ತಿ ಎಷ್ಟು ಅಲ್ಪ ಎಂದರೆ, ಎರಡೂವರೆ ಎಕರೆ ಹೊಲದ ಮೇಲೆ ನೂರು ಮೀಟರ್ ಎತ್ತರಕ್ಕೆ ಸಮುದ್ರದ ನೀರು ನಿಲ್ಲಿಸಿದೆವು ಎನ್ನಿ. ಸುಮಾರು ನೂರು ಕೋಟಿ ಕಿಲೋ ನೀರು. ಕಡಲು ಶಾಂತವಾಗಿರುವ ಆಳದಲ್ಲಿ ಅಷ್ಟೂ ನೀರಿನ ಸುಳಿಗಳಲ್ಲಿ ಕರಗಿಹೋಗುವ ಶಕ್ತಿ ಬರೀ ಒಂದು ವ್ಯಾಟ್. ಆ ಒಂದು ವ್ಯಾಟಿನ ಸುಳಿವನ್ನು ಸಾವಿರಾರು ಟನ್ ಹಡಗು ಗುಡುಗುಟ್ಟುತ್ತಿರುವಾಗಲೇ ಅದರ ಬುಡದಲ್ಲಿ ಕೇಳಿಸಿಕೊಳ್ಳಬೇಕು!

ಹೀಗಾಗಿ ಯಂತ್ರ ನಡೆಸುವವನ ಅರ್ಧ ಜಾಣತನ ಹಗ್ಗದಲ್ಲಿರುತ್ತದೆ. ಹಗ್ಗ ಬಿಗಿಯಾದರೆ ಹಡಗಿನ ಹೊಯ್ದಾಟ ನೇರ ಮೂತಿಗೆ ಹೋಗಿ, ಅಳೆದದ್ದು ಕಡಲನ್ನಲ್ಲ, ಹಡಗನ್ನು ಎಂದಾಗುತ್ತದೆ. ಅದಕ್ಕೇ ವಿಂಚ್‌ನವನು ಯಂತ್ರ ಇಳಿಯುವ ವೇಗಕ್ಕಿಂತ ತುಸು ಜಾಸ್ತಿಯೇ ಹಗ್ಗ ಬಿಡುತ್ತ ಹೋಗುತ್ತಾನೆ. ನೀರಿನ ಮೇಲೆ ಸಡಿಲ ಸುರುಳಿ ಕಾಣುತ್ತಿರಬೇಕು. ಹಾಗಂತ ತೀರಾ ಬಿಟ್ಟರೆ ಹಗ್ಗ ಹಡಗಿನ ಪ್ರೊಪೆಲ್ಲರಿಗೆ ಸಿಕ್ಕು ಯಂತ್ರವೇ ಕಡಲಪಾಲು. ಬಾಲದಲ್ಲಿರುವ ಬ್ರಷ್‌ಗಳು ನೀರನ್ನು ತಡೆದು ಇಳಿತವನ್ನು ಸಮ ಮಾಡುತ್ತವೆ. ಮೇಲಿನ ಕೆಲವು ಮೀಟರ್‌ಗಳ ದಾಖಲೆಯನ್ನು ಹೇಗೂ ಎಸೆಯಬೇಕು, ಅಲ್ಲಿ ಹಡಗಿನದೇ ಕಲಕು. ಸೆನ್ಸರ್‌ಗಳು ಯಾವಾಗಲೂ ಜೋಡಿ. ಒಂದಕ್ಕೆ ಕಡಲಜೀವಿಯೊಂದು ಢಿಕ್ಕಿ ಹೊಡೆದರೆ ದಾಖಲೆಯಲ್ಲಿ ಮುಳ್ಳಿನಂಥ ಗೆರೆ ಏಳುತ್ತದೆ. ಎರಡೂ ಒಪ್ಪಿದ್ದನ್ನು ನಂಬುವುದೇ ಕ್ಷೇಮ.

ಇನ್ನು ಆರೈಕೆ. ಮೇಲೆ ಬಂದ ಕೂಡಲೇ ಸಿಹಿನೀರಿನಿಂದ ತೊಳೆಯಬೇಕು, ಮೂತಿಗೆ ಟೊಪ್ಪಿಗೆ ಹಾಕಬೇಕು. ರಬ್ಬರ್ ತುದಿಯನ್ನು ಬೆರಳಿನಿಂದ ಮುಟ್ಟುವ ಹಾಗಿಲ್ಲ. ಒಳಗೆ ತೇವ ಸೇರಿದರೆ ಹುಟ್ಟಿದ ವಿದ್ಯುತ್ತು ಸೋರಿಹೋಗಿ ಅಳತೆ ಸದ್ದಿಲ್ಲದೆ ಸುಳ್ಳು ಹೇಳತೊಡಗುತ್ತದೆ. ಅದಕ್ಕಾಗಿ ಆಗಾಗ ಮೀಟರ್ ಹಿಡಿದು ಇನ್ಸುಲೇಷನ್ ನೋಡಬೇಕು. ಯಂತ್ರ ಬಿಚ್ಚಿದಾಗೆಲ್ಲ ಓ-ರಿಂಗ್ ತೆಗೆದು, ಒರೆಸಿ, ತೆಳ್ಳಗೆ ಗ್ರೀಸ್ ಸವರಿ ಕೂರಿಸಬೇಕು. ಇನ್ನೂರು ಮೀಟರ್ ಆಳದ ನೀರು ಇಪ್ಪತ್ತು ವಾಯುಮಂಡಲಗಳ ಒತ್ತಡ ಹೇರುತ್ತದೆ. ಒಂದು ಕೂದಲು, ಉಪ್ಪಿನ ಒಂದು ಹರಳು ಅಡ್ಡ ಬಂದರೂ ನೀರು ಒಳಗೆ. ಕಾಲಕಾಲಕ್ಕೆ ಸೆನ್ಸರನ್ನು ಪ್ರಯೋಗಾಲಯದಲ್ಲಿ ನೀರಿನ ಚಿಮ್ಮುಧಾರೆಗೆ ಓರೆಯಾಗಿ ಹಿಡಿದು ತಿರುಗಿಸಿ, ಎಷ್ಟು ಸುಳಿಗೆ ಎಷ್ಟು ವೋಲ್ಟ್ ಎಂದು ಮತ್ತೆ ಲೆಕ್ಕ ಹಾಕುತ್ತಾರೆ. ಸಮೀಕರಣ ಬರೆಯುವವರ ಹೆಸರು ಪ್ರಬಂಧದಲ್ಲಿ ಬರುತ್ತದೆ, ಓ-ರಿಂಗ್ ಒರೆಸಿದವರದು ಬರುವುದು ಅಪರೂಪ. ಆದರೆ ಒರೆಸುವ ಕೈ ಎಡವಿದರೆ ಸಮೀಕರಣಕ್ಕೆ ಹಾಕಲು ಅಂಕಿಯೇ ಇರುವುದಿಲ್ಲ.

ಕುಂದಗೋಳದಲ್ಲೋ ಕಲಘಟಗಿಯಲ್ಲೋ ಇದ್ದುಕೊಂಡು ಡಿಪ್ಲೊಮಾ, ಐಟಿಐ ಓದುವ ಹುಡುಗ-ಹುಡುಗಿಯರಿಗೆ ಒಂದು ಮಾತು. ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್ ಕೈಕೆಲಸಕ್ಕೆ ಕಡಲ ಮೇಲೂ ಜಾಗವಿದೆ. ಗೋವಾದ ಸಾಗರ ವಿಜ್ಞಾನ ಸಂಸ್ಥೆ ಇರುವುದು ದೋನಾ ಪೌಲಾದಲ್ಲಿ. ಹುಬ್ಬಳ್ಳಿಯಿಂದ ವಾಸ್ಕೋಗೆ ರೈಲಿದೆ.