ಬಂದೂಕು ಏಕೆ ಒದೆಯುತ್ತದೆ? ಒಂದು ಅಂಗುಲ ಮರದ ಮಾತು

ರೋಣ, ನರಗುಂದ, ಗಜೇಂದ್ರಗಡಗಳ ಕಡೆಯ ಒಕ್ಕಲಿಗರನ್ನು ಕೇಳಿ ನೋಡಿರಿ: ಗಿಡ್ಡನೆಯವನ ಗುದ್ದಲಿ ಎತ್ತರದವನ ಕೈಗೆ ಬಂದರೆ ಸಂಜೆಯ ಹೊತ್ತಿಗೆ ಸೊಂಟ ಹಿಡಿಯುವುದು. ಆಗ ಬಡಿಗನು ಉದ್ದನೆಯ ಕಾವು ಹಾಕಿಕೊಡುವನು. ಬಂದೂಕಿನ ವಿಷಯದಲ್ಲಿ ಮಾತ್ರ ಈ ವಿವೇಕ ನಮಗೆ ಬೇಗ ಹೊಳೆಯುವುದಿಲ್ಲ.

ಗಜೇಂದ್ರಗಡದ ಸಮೀಪದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಆರಡಿ ಎತ್ತರದ ತರುಣ. ಅಜ್ಜನ ಒಂಟಿ ನಳಿಗೆಯ ಹನ್ನೆರಡು ಬೋರಿನ ಬಂದೂಕು ಪರವಾನಗಿಯೊಡನೆ ಅವನ ಹೆಸರಿಗೆ ಬಂದಿತು. ಹೊಲಕ್ಕೆ ನುಗ್ಗುವ ಹಂದಿಗಳನ್ನು ಬೆದರಿಸಲು ಮೊದಲ ಸಲ ಹಾರಿಸಿದಾಗಲೇ ಹೆಬ್ಬೆರಳ ಗೆಣ್ಣು ಮೂಗಿಗೆ ಬಡಿದು ರಕ್ತ ಬಂದಿತು, ಭುಜ ಕಪ್ಪಿಟ್ಟಿತು. ಅನಂತರ ಕುದುರೆ ಎಳೆಯುವ ಮುನ್ನವೇ ಅವನ ಕಣ್ಣು ಮುಚ್ಚತೊಡಗಿದವು. "ಇವಗ ಎದಿಗಾರಿಕಿ ಸಾಲೂದಿಲ್ಲ" ಎಂದು ಮನೆಯ ಹಿರಿಯರು ನಕ್ಕರು. ಅವನು ನನ್ನಲ್ಲಿಗೆ ಬಂದು, "ಅಜ್ಜಗ ಒದೀಲಾರದ್ದು ನನಗ್ಯಾಕ ಒದೀತದ್ರೀ ಸರ್?" ಎಂದು ಕೇಳಿದನು.

ಉತ್ತರವು ನ್ಯೂಟನ್ನನ ಮೂರನೆಯ ನಿಯಮದಿಂದ ಪ್ರಾರಂಭವಾಗುವುದು. ಸುಮಾರು 30 ಗ್ರಾಂ ಚರೆ ಸೆಕೆಂಡಿಗೆ 400 ಮೀಟರು ವೇಗದಲ್ಲಿ ಮುಂದಕ್ಕೆ ಹಾರಿದರೆ, 3 ಕಿಲೋಗ್ರಾಂ ತೂಕದ ಬಂದೂಕು ಸೆಕೆಂಡಿಗೆ 4 ಮೀಟರು ವೇಗದಲ್ಲಿ ಹಿಂದಕ್ಕೆ ಚಿಮ್ಮಬೇಕು. ಸಿಡಿಮದ್ದಿನ ಅನಿಲಗಳು ಇದನ್ನು ಇನ್ನಷ್ಟು ಹೆಚ್ಚಿಸುವುವು. ಎರಡೂವರೆ ಕಿಲೋಗ್ರಾಂ ಕಲ್ಲು ಒಂದು ಮೀಟರು ಎತ್ತರದಿಂದ ಬಿದ್ದಾಗಿನ ಶಕ್ತಿ ಇದು.

ಚರೆಯು 75 ಸೆಂಟಿಮೀಟರು ನಳಿಗೆಯನ್ನು ದಾಟುವಷ್ಟರಲ್ಲಿ, ಅದರ ನೂರು ಪಾಲು ಭಾರವಾದ ಬಂದೂಕು ಮುಕ್ಕಾಲು ಸೆಂಟಿಮೀಟರು ಹಿಂದೆ ಸರಿದಿರುತ್ತದೆ. ಆದುದರಿಂದ ಬಟ್ಟಿಗೂ ಭುಜಕ್ಕೂ ನಡುವೆ ಒಂದು ಸೆಂಟಿಮೀಟರು ತೆರಪಿದ್ದರೂ ಬಂದೂಕು ತನ್ನ ಪೂರ್ಣ ವೇಗವನ್ನು ಗಳಿಸಿಯೇ ಭುಜಕ್ಕೆ ಅಪ್ಪಳಿಸುವುದು. ತೆರಪಿಲ್ಲದೆ ಒತ್ತಿ ಹಿಡಿದರೆ ಭುಜವು ಮೊದಲಿನಿಂದಲೇ ಅದರೊಡನೆ ಸರಿಯುವುದು. ಅದು ಹೊಡೆತವಾಗದೆ ನೂಕಾಗುವುದು.

ಗಿಡ್ಡನೆಯ ಅಜ್ಜನಿಗೆ ಆ ಬಟ್ ಸರಿಯಾಗಿ ಹೊಂದಿತ್ತು. ಎತ್ತರದ ಮೊಮ್ಮಗನಿಗೆ ಅದು ಮೋಟು. ಕೈ ಮುದುಡಿ, ಮುಖವು ಹೆಬ್ಬೆರಳಿನ ಬಳಿಗೆ ಬರುವುದು. ಬಟ್ಟಿನ ಅಂಚು ಮಾತ್ರ ಭುಜಕ್ಕೆ ತಾಗುವುದು. ಚಿಕ್ಕ ಜಾಗದಲ್ಲಿ ಒತ್ತಡ ಹೆಚ್ಚೆಂಬುದನ್ನು ಸೂಜಿಯ ಮೊನೆ ಬಲ್ಲವರಿಗೆ ಹೇಳಬೇಕಿಲ್ಲ.

ಅಳತೆಗೆ ಒಂದು ಸ್ಥೂಲ ಕ್ರಮವುಂಟು. ತೋಟೆ ಇಲ್ಲವೆಂದು ಖಚಿತಪಡಿಸಿಕೊಂಡು, ಮೊಣಕೈಯನ್ನು ಲಂಬಕೋನಕ್ಕೆ ಮಡಚಿ ಬಟ್ಟನ್ನು ಅದರ ಒಳಮಡಿಕೆಗೆ ಒರಗಿಸಿದರೆ ತೋರುಬೆರಳು ಕುದುರೆಗೆ ಸಲೀಸಾಗಿ ಎಟುಕಬೇಕು. ಬಂದೂಕನ್ನು ಭುಜಕ್ಕೇರಿಸಿದಾಗ ಮೂಗಿಗೂ ಹೆಬ್ಬೆರಳಿಗೂ ನಡುವೆ ಎರಡು ಬೆರಳಿನ ಅಂತರವಾದರೂ ಉಳಿಯಬೇಕು. ನಮ್ಮ ತರುಣನಿಗೆ ಒಂದು ಅಂಗುಲ ಕಡಮೆಯಾಗಿತ್ತು.

ಆ ಅಂಗುಲವನ್ನು ಮರದ ತುಂಡಿನಿಂದಲೋ ರಬ್ಬರಿನ ಮೆತ್ತೆಯಿಂದಲೋ ಸೇರಿಸಬಹುದು. ರಬ್ಬರು ಹೊಡೆತದ ಅವಧಿಯನ್ನೂ ಹೆಚ್ಚಿಸುವುದರಿಂದ ಲಾಭ ಇಮ್ಮಡಿ. ಆದರೆ ಎರಡು ಎಚ್ಚರಿಕೆಗಳು ಅವಶ್ಯ. ಬಟ್ ಹಿಂದಕ್ಕೆ ಇಳಿಜಾರಾಗಿರುವುದರಿಂದ, ಅದೇ ಗೆರೆಯಲ್ಲಿ ಉದ್ದ ಮಾಡಿದಷ್ಟೂ ಅದರ ತುದಿ ಕೆಳಗಿಳಿಯುವುದು. ಅಲ್ಲದೆ ಹಿಂತುದಿಗೆ 100 ಗ್ರಾಂ ಸೇರಿಸಿದರೆ ಗುರುತ್ವಕೇಂದ್ರವು ಸುಮಾರು ಒಂದೂವರೆ ಸೆಂಟಿಮೀಟರು ಹಿಂದೆ ಸರಿದು ನಳಿಗೆಯ ಮೂತಿ ಹಗುರವೆನಿಸುವುದು. ಆದಕಾರಣ ಮರದ ತುಂಡನ್ನು ಒಳಗೆ ಟೊಳ್ಳುಮಾಡುವುದುಂಟು.

ಸೈನ್ಯಗಳಿಗೆ ಇದು ಹೊಸತಲ್ಲ. ಬಂಗಾಳದ ಇಷಾಪುರದಲ್ಲಿಯೂ ತಯಾರಾಗುತ್ತಿದ್ದ ಲೀ-ಎನ್‌ಫೀಲ್ಡ್ ರೈಫಲಿಗೆ ಅರ್ಧ ಅರ್ಧ ಅಂಗುಲದ ವ್ಯತ್ಯಾಸವುಳ್ಳ ಬಟ್ಟುಗಳಿದ್ದವು. ಉದ್ದನೆಯದಕ್ಕೆ 'ಎಲ್' ಎಂಬ ಅಕ್ಷರದ ಮುದ್ರೆ. ಒಂದು ಉದ್ದನೆಯ ಬೋಲ್ಟು ಬಿಚ್ಚಿದರೆ ಸಿಪಾಯಿಗೆ ತಕ್ಕ ಬಟ್ಟನ್ನು ಕೂಡಿಸಬಹುದಾಗಿತ್ತು.

ಈ ಕೆಲಸವನ್ನು ಊರ ಬಡಿಗನಿಗೆ ಒಪ್ಪಿಸಲಾಗದು. 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಬಂದೂಕು ದುರಸ್ತಿಯ ವೃತ್ತಿಗೆ ಪರವಾನಗಿ ಬೇಕು. ನಳಿಗೆಯನ್ನು ಮೋಟುಗೊಳಿಸುವುದಕ್ಕೂ ಅದು ಕಟ್ಟುಪಾಡು ಹಾಕಿದೆ.

ತರುಣನು ಪರವಾನಗಿಯುಳ್ಳ ದುರಸ್ತಿಗಾರನಲ್ಲಿ ಒಂದು ಅಂಗುಲ ಸೇರಿಸಿಸಿಕೊಂಡನು. ಕಣ್ಣು ಮುಚ್ಚುವ ಅಭ್ಯಾಸ ಹೋಗಲು ಕೆಲವು ವಾರಗಳು ಹಿಡಿದವು. ಕಣ್ಣು ಮುಚ್ಚಿ ಕುದುರೆ ಎಳೆಯುವವನ ಎದುರಿಗೆ ಯಾರಿರುವರೋ ಅವನಿಗೇ ತಿಳಿಯದು. ಹೊಲದಲ್ಲಿ ಅದಕ್ಕಿಂತ ದೊಡ್ಡ ಅಪಾಯವಿಲ್ಲ. ಅಂಜುಬುರುಕನೆಂದು ನಗುವ ಮುನ್ನ ಬಟ್ಟನ್ನು ಅಳೆದು ನೋಡುವುದು ಒಳಿತು.