ಹಳೆಯ ಲಾರಿ ಇಂಜಿನಿನ ಫ್ಲೈವೀಲನ್ನೂ ಬೆಲ್‌ಹೌಸಿಂಗನ್ನೂ ಬಿಚ್ಚುವ ಕ್ರಮ

ಕಬ್ಬಿನ ಗಾಣಕ್ಕಾಗಲಿ ನೀರೆತ್ತುವ ಪಂಪಿಗಾಗಲಿ ಹಳೆಯ ಲಾರಿಯ ಇಂಜಿನನ್ನು ಕೊಳ್ಳುವ ಜಮೀನುದಾರರು, ಬೆಲೆಯ ಚೌಕಾಶಿಯಲ್ಲಿ ತೋರಿಸುವ ಶ್ರದ್ಧೆಯನ್ನು ಅದರ ಹಿಂಭಾಗವನ್ನು ಪರೀಕ್ಷಿಸುವುದರಲ್ಲಿ ತೋರಿಸುವುದು ಅಪರೂಪ. ಇಂಜಿನು ಚಾಲೂ ಆಗಿ ಹೊಗೆ ಕಡಮೆಯಾಗಿದ್ದರೆ ಸಾಕೆಂದು ಹಣವನ್ನು ಎಣಿಸಿಕೊಟ್ಟುಬಿಡುತ್ತಾರೆ. ಆದರೆ ಫ್ಲೈವೀಲಿನ ಬಿರುಕು, ಹಿಂದಿನ ಸೀಲಿನ ಎಣ್ಣೆ ಸೋರಿಕೆ ಮೊದಲಾದ ದೋಷಗಳು ಬಿಚ್ಚಿದ ಹೊರತು ಕಣ್ಣಿಗೆ ಬೀಳತಕ್ಕವಲ್ಲ.

ಫ್ಲೈವೀಲೆಂಬುದು ಕ್ರ್ಯಾಂಕ್‌ಷಾಫ್ಟಿನ ಹಿಂತುದಿಗೆ ಬೋಲ್ಟುಗಳಿಂದ ಬಿಗಿದಿರುವ ಭಾರವಾದ ಚಕ್ರ; ಹಳೆಯ ಲಾರಿಗಳಲ್ಲಿ ಸಾಮಾನ್ಯವಾಗಿ ಎರಕದ ಕಬ್ಬಿಣದ್ದು. ಲಾರಿ ಇಂಜಿನಿನ ಪ್ರತಿಯೊಂದು ಸಿಲಿಂಡರೂ ಎರಡು ಸುತ್ತಿಗೊಮ್ಮೆ ಮಾತ್ರ ಬಲವನ್ನು ಕೊಡುವುದರಿಂದ, ನಡುವಣ ಅವಧಿಯಲ್ಲಿ ಓಟವು ಕುಗ್ಗದಂತೆ ಈ ಚಕ್ರವು ಬಲವನ್ನು ಹಿಡಿದಿಟ್ಟು ಒದಗಿಸುತ್ತದೆ. ಅದನ್ನು ಮುಚ್ಚಿಕೊಂಡು ಗೇರುಪೆಟ್ಟಿಗೆಗೂ ಇಂಜಿನಿಗೂ ನಡುವೆ ಇರುವ ಗಂಟೆಯಾಕಾರದ ಎರಕವೇ ಬೆಲ್‌ಹೌಸಿಂಗು. ಅನೇಕ ಲಾರಿಗಳಲ್ಲಿ ಇಂಜಿನಿನ ಹಿಂಭಾಗವು ಈ ಎರಕದ ಎರಡು ಕಿವಿಗಳ ಮೇಲೆಯೇ ಕುಳಿತಿರುತ್ತದೆಂಬುದನ್ನು ಮರೆಯಕೂಡದು. ಅದನ್ನು ಕಳಚಿದರೆ ಇಂಜಿನಿಗೆ ಹಿಂದೆ ಆಧಾರವೇ ಇಲ್ಲ.

ಆದ್ದರಿಂದ ಬ್ಯಾಟರಿಯ ತಂತಿಯನ್ನೂ ಸ್ಟಾರ್ಟರನ್ನೂ ಮೊದಲು ತೆಗೆದು, ಇಂಜಿನಿನ ಹಿಂಭಾಗವನ್ನು ಸರಪಳಿಯಿಂದ ತೂಗಿಸಬೇಕು. ಇಲ್ಲವೆ ಅಗಲವಾದ ಹಲಗೆಯನ್ನಿಟ್ಟು ಜಾಕಿಯಿಂದ ತಾಳಿಸಬೇಕು. ಜಾಕಿಯನ್ನು ಎಣ್ಣೆತೊಟ್ಟಿಯ ತಗಡಿಗೆ ನೇರವಾಗಿ ಆನಿಸಿದರೆ ತೊಟ್ಟಿ ಒಳಕ್ಕೆ ಜಗ್ಗುವುದು. ಗೇರುಪೆಟ್ಟಿಗೆಯನ್ನು ಹಿಂದಕ್ಕೆ ನೆಟ್ಟಗೆ ಎಳೆಯಬೇಕು. ಅದರ ಭಾರವು ಕ್ಷಣಮಾತ್ರವಾದರೂ ಕ್ಲಚ್ ಪ್ಲೇಟಿನ ಮೇಲೆ ಜೋತುಬಿದ್ದರೆ ಪ್ಲೇಟು ಸೊಟ್ಟಗಾಗುತ್ತದೆ.

ಬಳಿಕ ಕ್ಲಚ್ಚಿನ ಮುಚ್ಚಳಕ್ಕೂ ಫ್ಲೈವೀಲಿಗೂ ಎದುರುಬದುರಾಗಿ ಪಂಚಿನಿಂದ ಗುರುತು ಹಾಕಿಕೊಳ್ಳಬೇಕು. ಒಳಗೆ ಸ್ಪ್ರಿಂಗುಗಳು ಒತ್ತಿಕೊಂಡಿರುವುದರಿಂದ ಬೋಲ್ಟುಗಳನ್ನು ಒಂದಾದ ಮೇಲೊಂದರಂತೆ ಪೂರ್ತಿ ತೆಗೆಯದೆ, ಎದುರೆದುರಿನವುಗಳನ್ನು ಅರ್ಧರ್ಧ ಸುತ್ತಿನಂತೆ ಸಡಿಲಿಸುತ್ತ ಬರತಕ್ಕದ್ದು. ಹಳೆಯ ಪ್ಲೇಟುಗಳ ಅಸ್ತರಿನಲ್ಲಿ ಕಲ್ನಾರು ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಸೇರಿದರೆ ವರ್ಷಗಳ ಅನಂತರವೂ ಮಾರಕ ರೋಗವನ್ನು ತರಬಲ್ಲುದು. ಮೆಕ್ಯಾನಿಕ್ಕುಗಳು ಬಾಯಿಯಿಂದ ಊದುವುದನ್ನೂ ಗಾಳಿಯ ಪೈಪನ್ನು ಹಿಡಿಯುವುದನ್ನೂ ಯಜಮಾನರು ನಿಂತು ತಡೆದು, ಒದ್ದೆಬಟ್ಟೆಯಿಂದಲೇ ಒರೆಸುವಂತೆ ಹೇಳಬೇಕು.

ಈಗ ಫ್ಲೈವೀಲಿನ ಸರದಿ. ಮಧ್ಯಮ ತರಗತಿಯ ಲಾರಿಯಲ್ಲಿ ಅದು ಸುಮಾರು 20 ರಿಂದ 40 ಕಿಲೋಗ್ರಾಂ ತೂಗುತ್ತದೆ; ಕಾಲಿನ ಮೇಲೆ ಬಿದ್ದರೆ ಬೆರಳುಗಳು ಉಳಿಯುವುದಿಲ್ಲ. ಚಕ್ರ ತಿರುಗದಂತೆ ಕ್ಲಚ್ಚಿನ ಎರಡು ಬೋಲ್ಟುಗಳನ್ನು ಮರಳಿ ತಿರುಗಿಸಿ, ಅವುಗಳ ನಡುವೆ ಉದ್ದನೆಯ ಸರಳನ್ನು ಒಡ್ಡಿ ಒಬ್ಬನು ಹಿಡಿದಿರಲಿ. ಬೀಗದ ತಗಡುಗಳನ್ನು ಬಿಡಿಸಿ, ಚಕ್ರಕ್ಕೂ ಷಾಫ್ಟಿಗೂ ಗುರುತು ಮಾಡಿ, ಬೋಲ್ಟುಗಳನ್ನು ಸಡಿಲಿಸಬೇಕು. ಎದುರುಬದುರಿನ ಎರಡನ್ನು ಮೊದಲು ತೆಗೆದು, ಅದೇ ಮರೆಯ ಉದ್ದನೆಯ ತಲೆಯಿಲ್ಲದ ಬೋಲ್ಟುಗಳನ್ನು ಅಲ್ಲಿ ಹಾಕಿ, ಅನಂತರವೇ ಉಳಿದವುಗಳನ್ನು ತೆಗೆಯಬೇಕು. ಆಗ ಚಕ್ರವು ಥಟ್ಟನೆ ಕೆಳಕ್ಕೆ ಬೀಳದೆ ಆ ಬೋಲ್ಟುಗಳ ಮೇಲೆಯೇ ಜಾರಿ ಬರುತ್ತದೆ. ಇಬ್ಬರು ಹಿಡಿದು ಇಳಿಸಬಹುದು.

ಬೆಲ್‌ಹೌಸಿಂಗಿನ ವಿಷಯದಲ್ಲಿ ಆತುರವೇ ಶತ್ರು. ಈ ಲೇಖಕನು ಒಂದು ಆಲೆಮನೆಯಲ್ಲಿ ಕಂಡದ್ದನ್ನು ಹೇಳಬಹುದು. ಬೋಲ್ಟುಗಳೆಲ್ಲವನ್ನೂ ತೆಗೆದೆವೆಂದು ನಂಬಿದ ಕೆಲಸಗಾರರು, ಎರಕವು ಅಲುಗದಿರಲು ದೊಡ್ಡ ಸುತ್ತಿಗೆಯಿಂದ ಹೊಡೆದರು. ಫ್ಲೈವೀಲಿನ ಹಿಂದೆ, ಜಿಡ್ಡು ಮೆತ್ತಿದ್ದ ಮೂಲೆಯಲ್ಲಿ ಒಂದು ಬೋಲ್ಟು ಉಳಿದೇ ಇತ್ತು. ಕಿವಿಯೊಂದು ಮುರಿಯಿತು, ಬದಲಿ ಎರಕ ದೊರೆಯುವವರೆಗೆ ಕಡಿದ ಕಬ್ಬು ಗಾಣದ ಮುಂದೆ ಒಣಗಿತು. ಜಿಡ್ಡನ್ನು ಕೆರೆದು, ತೂತುಗಳನ್ನು ಎಣಿಸಿ, ಎಣ್ಣೆತೊಟ್ಟಿಯ ಕಡೆಯಿಂದ ಬರುವ ಬೋಲ್ಟುಗಳನ್ನೂ ನೋಡಿದ ಮೇಲೆ ಮರದ ಕೊಡತಿಯಿಂದ ಸುತ್ತಲೂ ಮೆಲ್ಲಗೆ ತಟ್ಟಿದರೆ ಸಾಕು. ಸಂದಿಗೆ ಉಳಿಯನ್ನು ಹೊಡೆಯಕೂಡದು. ಸ್ಥಾನವನ್ನು ನಿರ್ಣಯಿಸುವ ಸಣ್ಣ ಗೂಟಗಳು ಅಲ್ಲಿರುತ್ತವೆ. ಅವು ಸವೆದರೆ ಗೇರುಪೆಟ್ಟಿಗೆಯ ನೇರವೇ ತಪ್ಪುವುದು.

ಬಿಚ್ಚಿದ ಚಕ್ರವನ್ನು ತೊಳೆದು ಬಿಸಿಲಿನಲ್ಲಿ ನೋಡಬೇಕು. ಮುಖದ ಮೇಲಿನ ನೀಲಿಮಚ್ಚೆಗಳೂ ಕೂದಲೆಳೆಯಂಥ ಗೀರುಗಳೂ ಕ್ಲಚ್ಚು ಜಾರಿ ಕಾದುದರ ಗುರುತು. ಮೇಲಣ ಗೀರುಗಳನ್ನು ಲೇತಿನಲ್ಲಿ ಕೆತ್ತಿ ತೆಗೆಯಬಹುದು. ಆದರೆ ಬೋಲ್ಟಿನ ತೂತಿನಿಂದ ಹೊರಟ ಬಿರುಕು, ಆಳವಾಗಿ ಇಳಿದ ಬಿರುಕು ಇದ್ದರೆ ಆ ಚಕ್ರವನ್ನು ಗುಜರಿಗೆ ಹಾಕತಕ್ಕದ್ದು. ಬೆಸುಗೆ ಹಾಕಿಸಿ ಬಳಸಕೂಡದು. ಪಂಪಿನ ನೀರು ತಪ್ಪಿದಾಗ ಅಥವಾ ಬೆಲ್ಟು ಕಳಚಿದಾಗ ಭಾರವಿಳಿದ ಇಂಜಿನು ಒಮ್ಮೆಲೆ ವೇಗವೇರುವುದು. ಡೀಸೆಲ್ ಪಂಪಿನಲ್ಲಿ ವೇಗನಿಯಂತ್ರಕವಿರುತ್ತದೆ. ಹಳೆಯ ಪೆಟ್ರೋಲು ಇಂಜಿನುಗಳಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಬಿರುಕುಬಿಟ್ಟ ಚಕ್ರವು ಅಂಥ ವೇಗದಲ್ಲಿ ಒಡೆದರೆ ತುಂಡುಗಳು ತಗಡಿನ ಮಾಡನ್ನೂ ಮನುಷ್ಯನ ಮೈಯನ್ನೂ ತೂರಿ ಹೋಗುತ್ತವೆ. ಚಕ್ರದ ನೇರಕ್ಕೆ ಯಾರನ್ನೂ ನಿಲ್ಲಿಸಕೂಡದು. ಹೌಸಿಂಗಿಲ್ಲದೆ ಓಡಿಸುವುದಾದರೆ ಗಟ್ಟಿಯಾದ ಕಬ್ಬಿಣದ ಮರೆಯನ್ನು ಕಟ್ಟಬೇಕು.

ಮರಳಿ ಜೋಡಿಸುವಾಗ ಹಿಂದಿನ ಎಣ್ಣೆ ಸೀಲನ್ನೂ ಬೀಗದ ತಗಡುಗಳನ್ನೂ ಹೊಸದಾಗಿ ಹಾಕಿ, ಗುರುತಿಗೆ ಗುರುತು ಕೂಡಿಸಿ, ಬೋಲ್ಟುಗಳನ್ನು ಎದುರೆದುರಾಗಿ ಬಿಗಿಯತಕ್ಕದ್ದು. ಹೌಸಿಂಗಿನ ತಳದಲ್ಲಿ ಎಣ್ಣೆ ಇಳಿಯುವ ಸಣ್ಣ ತೂತಿದ್ದರೆ ಅದು ಮಣ್ಣಿನಿಂದ ಮುಚ್ಚಿಹೋಗಿರುವುದೇ ಹೆಚ್ಚು, ತಂತಿಯಿಂದ ತೆರೆದಿಡಬೇಕು.