ಬೇಡವೆಂದು ತೆಗೆದ ಒಂದು ತಪಾಸಣೆ

ಬಿಟ್‌ಕಾಯಿನ್ ಜಾಲದ ಬಹುಪಾಲು ಕಂಪ್ಯೂಟರುಗಳಲ್ಲಿ ಓಡುವ ತಂತ್ರಾಂಶ ಬಿಟ್‌ಕಾಯಿನ್ ಕೋರ್. ಅದರ ಕೋಡ್ ಗಿಟ್‌ಹಬ್‌ನಲ್ಲಿ ಎಲ್ಲರ ಕಣ್ಣಿಗೂ ತೆರೆದಿದೆ. ಯಾರು ಬೇಕಾದರೂ ತಿದ್ದುಪಡಿ ಬರೆದು, ಸೇರಿಸಿಕೊಳ್ಳಿ ಎಂದು ಕೇಳಬಹುದು. ಈ ಕೋರಿಕೆಯೇ ಪುಲ್ ರಿಕ್ವೆಸ್ಟ್. ಪದವಿ, ಕಂಪನಿ, ಅಸಲಿ ಹೆಸರು ಯಾವುದನ್ನೂ ಕೇಳುವುದಿಲ್ಲ. 2009ರಲ್ಲಿ ಬಿಟ್‌ಕಾಯಿನ್ ಹೊರತಂದ ಸತೋಶಿ ನಾಕಾಮೊಟೊ ಯಾರೆಂಬುದೇ ಜಗತ್ತಿಗೆ ಗೊತ್ತಿಲ್ಲವಲ್ಲ!

ಕೇಳುವುದು ಸುಲಭ, ಒಪ್ಪಿಸುವುದು ಕಷ್ಟ. ಉಳಿದ ಡೆವಲಪರ್‌ಗಳು ಸಾಲುಸಾಲಾಗಿ ಓದಿ, ತಮ್ಮ ಯಂತ್ರದಲ್ಲಿ ಓಡಿಸಿ, ‘ಆ್ಯಕ್’ ಅಥವಾ ‘ನ್ಯಾಕ್’ ಎಂದು ಬರೆಯುತ್ತಾರೆ: ಒಪ್ಪಿದೆ, ಒಪ್ಪಲಾರೆ. ಇಲ್ಲಿ ತಲೆ ಎಣಿಸುವುದಿಲ್ಲ, ವಾದವನ್ನು ತೂಗುತ್ತಾರೆ. ಒಪ್ಪಿಗೆಯಾದರೆ, ಕೋಡ್ ಸೇರಿಸುವ ಅಧಿಕಾರವಿರುವ ಬೆರಳೆಣಿಕೆಯ ಮೇಂಟೇನರ್‌ಗಳಲ್ಲಿ ಒಬ್ಬರು ಅದನ್ನು ಸೇರಿಸುತ್ತಾರೆ.

ಇಷ್ಟು ಕಾವಲಿದ್ದೂ 2016ರ ಕೊನೆಯಲ್ಲಿ ಒಂದು ಎಡವಟ್ಟು ಒಳಗೆ ಬಂತು. ಒಂದೇ ವಹಿವಾಟಿನಲ್ಲಿ ಅದೇ ನಾಣ್ಯವನ್ನು ಎರಡು ಸಲ ತೋರಿಸಿ ಖರ್ಚು ಮಾಡುವಂತಿಲ್ಲ. ವಹಿವಾಟು ಬಿಡಿಯಾಗಿ ಬಂದಾಗ ಒಮ್ಮೆ, ಹಲವು ವಹಿವಾಟುಗಳ ಕಂತೆಯಾದ ಬ್ಲಾಕಿನೊಳಗೆ ಬಂದಾಗ ಮತ್ತೊಮ್ಮೆ ಇದರ ತಪಾಸಣೆ ನಡೆಯುತ್ತಿತ್ತು. ಎರಡನೆಯದು ದಂಡದ ಕೆಲಸವೆನಿಸಿ, ವೇಗಕ್ಕಾಗಿ ಅದನ್ನು ಬಿಟ್ಟರು. ಆದರೆ ಬ್ಲಾಕ್ ಕಟ್ಟುವ ಮೈನರ್ ತನ್ನದೇ ವಹಿವಾಟನ್ನು ಜಾಲಕ್ಕೆ ತೋರಿಸದೆ ನೇರ ಬ್ಲಾಕಿಗೆ ತುರುಕಬಹುದು. ಆಗ ಮೊದಲ ತಪಾಸಣೆ ನಡೆಯುವುದೇ ಇಲ್ಲ. 0.14 ಆವೃತ್ತಿಯಲ್ಲಿ ಇಂಥ ಬ್ಲಾಕ್ ಬಂದರೆ ತಂತ್ರಾಂಶ ಕುಸಿಯುತ್ತಿತ್ತು, ಅಷ್ಟೆ. 2017ರ 0.15ರಲ್ಲಿ ನಾಣ್ಯಗಳ ಲೆಕ್ಕ ಇಡುವ ಬಗೆ ಬದಲಾಯಿತು. ಆಮೇಲೆ, ಹಳೆಯ ಬ್ಲಾಕಿನ ನಾಣ್ಯವನ್ನು ಹೀಗೆ ಎರಡು ಸಲ ಖರ್ಚು ಮಾಡಿದರೆ ತಂತ್ರಾಂಶ ತುಟಿಪಿಟಕ್ಕೆನ್ನದೆ ಒಪ್ಪುವಂತಾಯಿತು. ಹೀಗೆ ಖೋಟಾ ನಾಣ್ಯ ಹುಟ್ಟಿ, ಬಿಟ್‌ಕಾಯಿನ್‌ಗಿರುವ ಎರಡು ಕೋಟಿ ಹತ್ತು ಲಕ್ಷ ನಾಣ್ಯಗಳ ಮಿತಿಯೇ ಸುಳ್ಳಾಗುತ್ತಿತ್ತು! ಬಿಡಿಬಿಡಿಯಾಗಿ ನೋಡಿದರೆ ಎರಡೂ ಬದಲಾವಣೆ ಸಮಂಜಸವೇ. ಅಪಾಯವಿದ್ದದ್ದು ಅವು ಕೂಡುವ ಜಾಗದಲ್ಲಿ, ಪುಲ್ ರಿಕ್ವೆಸ್ಟ್ ಓದುವವರ ಕಣ್ಣು ತಪ್ಪುವುದೂ ಅಲ್ಲಿಯೇ.

2018ರ ಸೆಪ್ಟೆಂಬರ್ 17ರಂದು ಈ ದೋಷವನ್ನು ಕೋರ್ ತಂಡಕ್ಕೆ ಗುಟ್ಟಾಗಿ ತಿಳಿಸಿದ್ದು, ಗುಪ್ತನಾಮದಲ್ಲಿ ಬರೆಯುತ್ತಿದ್ದ ಡೆವಲಪರ್. ಅವರು ಕೆಲಸ ಮಾಡುತ್ತಿದ್ದದ್ದು ಬಿಟ್‌ಕಾಯಿನ್‌ನಿಂದ ಜಗಳವಾಡಿ ಬೇರೆಯಾದ ಬಿಟ್‌ಕಾಯಿನ್ ಕ್ಯಾಶ್‌ಗಾಗಿ! ಮರುದಿನವೇ ದುರಸ್ತಿಯಾದ 0.16.3 ಆವೃತ್ತಿ ಹೊರಬಿತ್ತು. ಆದರೆ ಪ್ರಕಟಣೆ ಹೇಳಿದ್ದು ಕುಸಿತದ ವಿಷಯವನ್ನಷ್ಟೇ. ಖೋಟಾ ನಾಣ್ಯದ ಸಾಧ್ಯತೆ ಬಯಲಾದದ್ದು 20ರಂದು. ಎಲ್ಲವೂ ಬಯಲಲ್ಲೇ ಎನ್ನುವವರು ಎರಡು ದಿನ ಮುಚ್ಚಿಟ್ಟದ್ದು ಸರಿಯೇ? ನನ್ನ ಮಟ್ಟಿಗೆ ಸರಿ. ಈ ತಂತ್ರಾಂಶ ತಾನಾಗಿ ಅಪ್‌ಡೇಟ್ ಆಗುವುದಿಲ್ಲ. ಪ್ರತಿ ಕಂಪ್ಯೂಟರಿನ ಯಜಮಾನ ಕೈಯಾರೆ ಹಾಕಿಕೊಳ್ಳಬೇಕು. ಅದಕ್ಕೆ ಸಮಯ ಸಿಗುವ ಮೊದಲೇ ಗುಟ್ಟು ಬಯಲಾದರೆ ಕಳ್ಳರಿಗೆ ದಾರಿ ತೋರಿಸಿದಂತೆ.

ಅದೃಷ್ಟವಶಾತ್ ಬಿಟ್‌ಕಾಯಿನ್ ಜಾಲದಲ್ಲಿ ಯಾರೂ ಇದನ್ನು ಬಳಸಿಕೊಂಡಿರಲಿಲ್ಲ. ದುರಸ್ತಿ ಎಂದರೆ ಬಿಟ್ಟ ತಪಾಸಣೆಯನ್ನು ಮತ್ತೆ ಹಾಕಿದ್ದು, ಜೊತೆಗೆ ಅಂಥ ಕೆಟ್ಟ ಬ್ಲಾಕನ್ನು ಬೇಕೆಂದೇ ಕೊಟ್ಟು ನೋಡುವ ಒಂದು ಟೆಸ್ಟ್. ಹೊಸದಾಗಿ ಬರುವವರಿಗೆ ಈ ಯೋಜನೆ ಕೊಡುವ ಸಲಹೆಯೂ ಇದೇ ದಾರಿಯದು: ಕೋಡ್ ಬರೆಯುವ ಮೊದಲು, ಬೇರೆಯವರು ಬರೆದದ್ದನ್ನು ಓದಿ, ಪರೀಕ್ಷಿಸಿ.